ಶ್ರಾವಣಕ್ಕ ಮಾತಾಡಬೇಕಿದ್ದ ಮಷಿನ್

ಕಸ್ತೂರಿಬಾಯಿ ಕಂಪ್ಯೂಟರಿಗೆ ಬೈಯೂದು ಕೇಳಿದ್ರ, ಒಳಗ ಯಾರೋ ಹಟಮಾರಿ ಹುಡುಗ ಅದಾನ ಅಂತ ಓಣಿ ಮಂದಿ ತಿಳ್ಕೋತಿದ್ರು.

"ಮುಂಜಾನೆ ಒಂದು ಬೇಡಿದಿ, ಕೊಟ್ಟೆ. ಈಗ ಮತ್ತೊಂದು ಬೇಡ್ತಿ. ಅದನ್ನೂ ತಂದು ಕೊಟ್ರ, ಮುಂಜಾನೆದು ಹಳೇದಾತು ಬ್ಯಾಡ ಅಂತಿ! ನಿಂದೇನು ಹೊಟ್ಟಿನೋ ಜ್ವಾಳದ ಹಗೇವೋ?"

ಹೊರಗ ಕಟ್ಟಿ ಮ್ಯಾಲೆ ಕೂತ ಆಕಿ ಮಾವ ದೌಲಪ್ಪ ಮುತ್ಯಾ ಕಿವಿ ಆ ಕಡಿಗೇ ಇಟ್ಟಿರ್ತಿದ್ರು. ಕಣ್ಣು ಹೋಗಿದ್ದವು ಪಾಪ, ನರ ಸತ್ತು. "ಏನಂತವಾ ಇವತ್ತು? ಬಾಯಿ ಬಿಡ್ತೇನು?" ಅಂತ ಕೇಳಾವರು.

"ಇಲ್ರಿ ಮಾವಾರ. ಇನ್ನೂ ಊಟಕ್ಕೇ ಕೇಳಾಕತ್ತದ."

ಇದು ಎರಡು ಸಾವಿರದ ನಾಕನೇ ಇಸವಿ ಮಾತು, ಕಮಲಾಪುರದ್ದು. ಆಗ ಊರಾಗ ಮನ್ಯಾಗ ಕಂಪ್ಯೂಟರ್ ಇಟ್ಟಾವರು ಯಾರಿದ್ರು? ಇವರದೂ ಖರೆ ಹೇಳಬೇಕಂದ್ರ ಕಂಪ್ಯೂಟರ್ ಅಲ್ಲ, ಕಲಬುರ್ಗ್ಯಾಗ ಕಸ್ತೂರಿ ಕಲಿಸ್ತಿದ್ದ ಸೆಂಟರ್‌ನವರು ಮೂಲ್ಯಾಗ ಒಗೆದಿದ್ದ ಒಂದು ಹಳೇ ಡಬ್ಬಿ. ಕೆಂಪು ಬಾಳೆಹಣ್ಣು ಮಾರಿ ಖಾಲಿ ಬುಟ್ಟಿ ಹೊತ್ಕೊಂಡು ಬರಾವರ ನಡುವ ಬಸ್ಸಿನಾಗ ಕೂತು, ಅದಕ್ಕ ಹಚ್ಚಡ ಸುತ್ತಿ, ಕೂಸಿನಂಗ ತೊಡಿ ಮ್ಯಾಲೆ ಇಟ್ಕೊಂಡು ತಂದಿದ್ದಳು. ಕಂಡಕ್ಟರ್ ಬ್ಯಾರೆ ನಗಚಾಟಿ ಮಾಡಿದ್ನಂತ, "ಅಕ್ಕೋರ, ಇದಕ್ಕ ಫುಲ್ ಟಿಕೀಟೋ ಹಾಫ್ ಟಿಕೀಟೋ?" ಅಂತ.

ಯಾಕ ತಂದಳು ಅನ್ನೂದು ಹೇಳಬೇಕಂದ್ರ ಜರಾ ಹಿಂದಕ್ಕ ಹೋಗಬೇಕು.

ಆಕಿ ತವರು ಮಹಾಗಾಂವ. ಜ್ವಾಳ, ತೊಗರಿ ಬೆಳಿಯೋ ಮನಿ. ಮ್ಯಾಟ್ರಿಕ್ ಆದ ಮ್ಯಾಲೆ ಅಪ್ಪ ಆಕಿನ್ನ ಕಲಬುರ್ಗಿಗೆ, ಐವಾನ್-ಎ-ಶಾಹಿ ಕಡಿಗೆ ಇದ್ದ ಸೋದರತ್ತಿ ಮನ್ಯಾಗ ಇಟ್ಟು ಟೈಪಿಂಗ್ ಕಲೀಲಿ ಅಂದ. ಎಂಬತ್ತರ ಮ್ಯಾಲಿನ ವರ್ಷಗಳು ಅವು. ಎಂಥಾ ಟೈಪಿಂಗ್ ಸಾಲಿ ಅಂತೀರಿ! ಸಾಲು ಸಾಲು ಮಷಿನ್, ತಗಡಿನ ಮ್ಯಾಲೆ ಆಣಿಕಲ್ಲು ಬಿದ್ದಂಗ ಸಪ್ಪಳ. ಮಾಸ್ತರು ಗುಂಡಿ ಮ್ಯಾಲೆ ಅರಿವಿ ಮುಚ್ಚಿ, "ಕಣ್ಣು ಬ್ಯಾಡ, ಬೆರಳು ನೋಡ್ಲಿ" ಅನ್ನಾವರು. ಬೇಸಿಗ್ಯಾಗ ಫ್ಯಾನ್ ತಿರುಗಿದ್ರ ಕಾಗದ ಹಾರ್ತಾವಂತ ಅದನ್ನೂ ಆರಿಸಿಬಿಡಾವರು. ಬೆವತು ಬೆವತು ಹುಡಿಗ್ಯಾರು ನೀರು ಆಗ್ತಿದ್ರು, ಆದ್ರ ಯಾರಿಗೂ ಬ್ಯಾಸರ ಇರಲಿಲ್ಲ.

ಅಲ್ಲೇ ಬಾಜೂ ಮಷಿನ್ನಿಗೆ ಹಾಜಿರಾ ಕೂಡ್ತಿದ್ದಳು, ರೋಜಾ ಓಣಿಯಾಕಿ. ಕಡ್ಡಿಯಂಗ ಇದ್ದಳು, ಬಾಯಿ ಮಾತ್ರ ಬೆಂಕಿ. ಇಬ್ಬರದೂ ಅಂಥಾ ದೋಸ್ತಿ ಆತಲ್ಲ, ಉರುಸಿನಾಗ ಕಸ್ತೂರಿ ಅವರ ಮನ್ಯಾಗ ಉಳಿಯಾಕಿ, ಪಂಚಮ್ಯಾಗ ಹಾಜಿರಾ ಮಹಾಗಾಂವಿಗೆ ಬಂದು ಜೋಕಾಲಿ ಆಡಾಕಿ. ಸಂಜಿಮುಂದ ಟಾಂಗಾದಾಗ ಕೂತು ಊರೆಲ್ಲಾ ಸುತ್ತಿ ಬರಾವರು. ಆ ಟಾಂಗಾ ಈಗ ಎಲ್ಲಿ ಹೋದ್ವೋ. ಇರಲಿ.

ಎಂಬತ್ತೆಂಟರಾಗ ಕಸ್ತೂರಿನ್ನ ಕಮಲಾಪುರಕ್ಕ ಕೊಟ್ರು, ದೌಲಪ್ಪ ಮುತ್ಯಾನ ಮಗ ದೇವೀಂದ್ರಪ್ಪಗ. ಬಸ್ ಡಿಪೋದಾಗ ಮೆಕ್ಯಾನಿಕ್ ಅಂವ, ಮಾತು ಕಡಿಮಿ, ಮೈತುಂಬ ಗ್ರೀಸು. ಮುಂದ ಟೈಪಿಂಗ್ ಸಾಲಿಗಳು ಒಂದೊಂದೇ ಬಾಗಲಾ ಹಾಕಿ ಕಂಪ್ಯೂಟರ್ ಸೆಂಟರ್ ಅಂತ ಬೋರ್ಡ್ ಬರಿಸಿಕೊಂಡ್ವಲ್ಲ, ಆಗ ಹಾಜಿರಾನೇ ಬಂದು, "ಏ ಕಸ್ತೂರಿ, ಗುಂಡಿ ಅವೇ ಅವ, ಡಬ್ಬಿ ಬ್ಯಾರೆ, ಬಾ" ಅಂತ ಎಳಕೊಂಡು ಹೋದಳು. ಸೊಸಿ ದಿನಾ ಬಸ್ ಹತ್ತಿ ಕಲಬುರ್ಗಿಗೆ ಹೋಗೂದು ಕಂಡು ಊರಾಗ ಒಂದಿಷ್ಟು ಮಂದಿ ಮೂಗು ಮುರಿದ್ರು. ದೌಲಪ್ಪ ಮುತ್ಯಾ ಅಂದ್ರು, "ಬಸ್ ರಿಪೇರಿ ಮಾಡಾಂವ ನನ್ನ ಮಗ. ಅದರಾಗ ನನ್ನ ಸೊಸಿ ಕೂಡಬಾರದೇನು?"

ಈಗ ಮುತ್ಯಾನ ಮಾತು. ಶ್ರಾವಣ ಬಂತಂದ್ರ ಊರಾಗ ಗುಡಿ ಪಡಸಾಲ್ಯಾಗ ಪುರಾಣ ಹಚ್ಚತಾರ ನೋಡ್ರಿ, ತಿಂಗಳಪೂರ್ತಿ. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಓದಾಂವ ಒಂದು ಪದ್ಯ ರಾಗ ಮಾಡಿ ಓದಿ ನಿಲ್ಲಿಸಿದ ಮ್ಯಾಲೇ ಅರ್ಥ ಹೇಳಾಂವ ಬಾಯಿ ತೆಗೀಬೇಕು. ಅಂವ ಓದದಿದ್ರ ಇಂವಗ ಬಾಯೇ ಇಲ್ಲ. ಕಮಲಾಪುರದಾಗ ಓದಾವರು ಕಾಶಿರಾಯ ಮುತ್ಯಾ, ಅರ್ಥ ಹೇಳಾವರು ದೌಲಪ್ಪ ಮುತ್ಯಾ. ಎಷ್ಟೋ ಶ್ರಾವಣ ಆ ಜೋಡಿ ಕೂತಿತ್ತು. ಕಾಶಿರಾಯ ಮುತ್ಯಾಂದು ಗಂಟೀ ಹಂಗ ದನಿ. ದೌಲಪ್ಪ ಮುತ್ಯಾ ಒಂದು ಪದ್ಯಕ್ಕ ಅರ್ಥ ಹೇಳ್ಕೋತ ಹೊಲಕ್ಕ ಹೋಗಿ, ಸಂತಿಗೆ ಹೋಗಿ, ಯಾರದೋ ಅತ್ತಿ-ಸೊಸಿ ಜಗಳಕ್ಕ ಹೋಗಿ, ಎಲ್ಲಾರನೂ ನಗಿಸಿ ಅಳಿಸಿ ಮತ್ತ ಅದೇ ಪದ್ಯಕ್ಕ ತಂದು ಕೂಡಸಾವರು. ಕಣ್ಣು ಹೋದ ಮ್ಯಾಲೂ ಏನೂ ಕಡಿಮಿ ಬೀಳಲಿಲ್ಲ. ಓದಾಕ ಕಾಶಿರಾಯ ಇದ್ದನಲ್ಲ.

ಆ ವರ್ಷ ಸಂಕ್ರಮಣ ಆಗಿ ನಾಕು ದಿನಕ್ಕ ಕಾಶಿರಾಯ ಮುತ್ಯಾ ಹೋಗಿಬಿಟ್ರು.

ದೌಲಪ್ಪ ಮುತ್ಯಾ ಅಳಲಿಲ್ಲ. ಆದ್ರ ಮಾತು ಬಿಟ್ರು. ಮಾತಿನ ಮ್ಯಾಲೇ ಬದುಕಿದ್ದ ಮನಿಷ್ಯಾ, ಹೊತ್ತು ಹೊತ್ತಿಗೆ ರೊಟ್ಟಿ ಮುರಕೊಂಡು ತಿಂದು ಕಟ್ಟಿಗೆ ಹೋಗಿ ಕೂಡಾವರು. ಊರ ಹಿರೇರು ಬ್ಯಾರೆ ಓದಾವರನ್ನ ಕರ್ಕೊಂಡು ಬಂದ್ರು. ಒಬ್ಬಾಂವ ಪೇಪರ್ ಓದಿದಂಗ ಓದಿದ. ಮತ್ತೊಬ್ಬಾಂವ ಹಳೇ ಕನ್ನಡದ ಶಬ್ದ ಎಲ್ಲೆಲ್ಲೋ ಕಡಿದು, ಗಂಡನ ಹೆಸರು ಹೆಂಡ್ತಿಗೆ, ಹೆಂಡ್ತಿ ಹೆಸರು ಎತ್ತಿಗೆ ಹಚ್ಚಿದ. ಮುತ್ಯಾ ಕೈ ಮುಗಿದು, "ಸಾಕಪಾ, ಪುಣ್ಯಾ ಬರತದ ನಿನಗ, ಮನಿಗೆ ಹೋಗು" ಅಂದ್ರು. ಹಿರೇರು ತಮ್ಮ ತಮ್ಮೊಳಗೇ, ಈ ವರ್ಷ ಪುರಾಣ ಬಿಡೂಣು, ಕ್ಯಾಸೆಟ್ ಹಚ್ಚಿದ್ರಾತು ಅಂತ ಮಾತಾಡಿಕೊಂಡ್ರು. ಆ ಮಾತು ಮುತ್ಯಾನ ಕಿವಿಗೆ ಬಿತ್ತು. ಅವತ್ತು ಅವರು ರೊಟ್ಟೀನೂ ಮುಟ್ಟಲಿಲ್ಲ.

ಕಸ್ತೂರಿ ಇದನ್ನ ಸೆಂಟರ್‌ನಾಗ ಹಾಜಿರಾನ ಮುಂದ ಹೇಳಿಕೊಂಡು ಅತ್ತಳು. ಹಾಜಿರಾ ಅಂದಳು, "ರೋನಾ ನಕ್ಕೋ, ಅಳಬ್ಯಾಡ. ಕನ್ನಡ ಓದೋ ಪ್ರೋಗ್ರಾಮ್ ಬಂದದಂತ. ನಾವು ಬರದದ್ದು ಅದು ಬಾಯಿಲೇ ಹೇಳ್ತದ. ಪುಕ್ಕಟೆ ಅದ. ಪದ್ಯಾ ಅದಕ್ಕ ಹಾಕು, ಅದು ಓದ್ಲಿ, ನಿಮ್ಮ ಮಾವ ಅರ್ಥ ಹೇಳ್ಲಿ!"

ಡಬ್ಬಿ ಮನಿಗೆ ಬಂದದ್ದು ಹಿಂಗ.

ಆದ್ರ ಪ್ರೋಗ್ರಾಮ್ ತಯಾರ್ ಇದ್ದದ್ದು ಸಿಗಲಿಲ್ಲ. ಸೋರ್ಸ್ ಸಿಕ್ತು. ಸೋರ್ಸ್ ಅಂದ್ರ ಏನಂತ ಮುತ್ಯಾ ಕೇಳಿದ್ರು. ಎಷ್ಟೋ ದಿನದ ಮ್ಯಾಲೆ ಅವರು ಒಂದು ಮಾತು ಕೇಳಿದ್ದು ಅದು. ಕಸ್ತೂರಿ ಅಂದಳು, "ರೊಟ್ಟಿ ಕೊಟ್ಟಿಲ್ರಿ ಮಾವಾರ, ಜ್ವಾಳ ಕೊಟ್ಟಾರ. ಬೀಸಿ, ನಾದಿ, ಬಡಿದು ನಾವೇ ಸುಟ್ಕೋಬೇಕು."

"ಛಲೋನೇ ಆತಲ್ಲ. ಬಿಸಿ ಬಿಸಿ ಸಿಗತದ."

"ಎಲ್ಲೀದ್ರಿ! ಬೀಸಾಕ ಹೋದ್ರ ಬೀಸುಕಲ್ಲಿಗೆ ಗೂಟ ಇಲ್ಲ ಅಂತದ. ಗೂಟ ತಂದ್ರ, ಇದು ಹೊಸಾ ಕಲ್ಲಿಗೇ ಕೂಡೂ ಗೂಟ ಅಂತದ. ಹೊಸಾ ಕಲ್ಲು ತಂದ್ರ, ನಿಮ್ಮ ಮನಿ ನೆಲ ಹಳೇದದ, ನೆಲಾನೇ ಅಗೀರಿ ಅಂತದ!"

ಮುತ್ಯಾ ನಕ್ಕರು. ಸಂಕ್ರಮಣದ ಮ್ಯಾಲೆ ಮೊದಲನೇ ಸಲ. ಆ ನಗು ಕೇಳಿ ಕಸ್ತೂರಿ ಅಡಿಗಿ ಮನಿಗೆ ಹೋಗಿ ಸೆರಗಿಲೇ ಕಣ್ಣು ಒರಸ್ಕೊಂಡಳು. ಈ ಮಷಿನ್ ಮಾತಾಡಿಸಿಯೇ ಬಿಡಬೇಕು, ಶ್ರಾವಣ ಹತ್ತೂದರೊಳಗ ಮಾತಾಡಿಸಬೇಕು ಅಂತ ಅವತ್ತೇ ಮನಸು ಗಟ್ಟಿ ಮಾಡಿದಳು.

ಆದ್ರ ಮಷಿನ್ ಏನು, ದಿನಕ್ಕೊಂದು ಹಟ. ಒಂದು ದಿನ ಧ್ವನಿ ಹೊರಡಸೋ ಲೈಬ್ರರಿ ಇಲ್ಲ ಅಂತು. ಲೈಬ್ರರಿ ಅಂದ್ರ ಪುಸ್ತಕದ್ದಲ್ಲ, ಒಂದು ಪ್ರೋಗ್ರಾಮಿಗೆ ಕೈಗೂಡಸೋ ಇನ್ನೊಂದು ಪ್ರೋಗ್ರಾಮ್. ಹಾಜಿರಾ ಸೂಪರ್ ಮಾರ್ಕೆಟ್ ಕಡೆ ಇಂಟರ್ನೆಟ್ ಅಂಗಡ್ಯಾಗ ಕೂತು ಅದನ್ನ ಇಳಿಸಿ, ತುಂಡು ತುಂಡು ಮಾಡಿ ಫ್ಲಾಪಿಗೆ ತುಂಬಿ ಕೊಟ್ಟಳು. ಒಂದು ಫ್ಲಾಪಿ ಬಸ್ಸಿನ ಧಗಿಗೆ ಕೆಟ್ಟಿತು, ಮತ್ತ ಇಳಿಸಿದಳು. ಹಾಕಿದ್ರ, ಈ ವರ್ಶನ್ ಹಳೇದು ಅಂತು. ಹೊಸಾದು ತಂದ್ರ, ಅದಕ್ಕ ಮತ್ತೊಂದು ಬೇಕು ಅಂತು. ಆ ಮತ್ತೊಂದಕ್ಕ ಮೊದಲನೇದ್ದೇ ಬೇಕಾಗಿತ್ತು! ಪರದಿ ತುಂಬ ಎರರ್ ಓಡೂವು, ಮಳಿಗಾಲದಾಗ ಇರಿವಿ ಸಾಲು ಹೊಂಟಂಗ.

ದೇವೀಂದ್ರಪ್ಪ ಡಿಪೋದಿಂದ ಬಂದು ಹಿಂದ ನಿಂತು ನೋಡಿದ. "ಬೋಲ್ಟಿಗೆ ನಟ್ಟು ಕೂಡವಲ್ದು," ಅಂದ.

"ಅದು ನನಗೂ ಕಾಣಸ್ತದ್ರಿ."

"ಹಾಕಿ ಬಡಿ."

"ಬಡದ್ರ ಬಸ್ ಹೋಗತದೇನ್ರಿ?"

"ಮುಂದಿನ ಸ್ಟಾಪ್ ತನಕ ಹೋಗತದ," ಅಂದು ಕೈ ತೊಳಿಯಾಕ ಹೋದ. ಆ ಮನಿಷ್ಯಾ ಒಂದು ದಿನಕ್ಕ ಅದಕ್ಕಿಂತ ಹೆಚ್ಚು ಮಾತಾಡಿದ್ದು ಯಾರೂ ಕೇಳಿಲ್ಲ.

ಇದರ ಸಂಗಾಟ ಇನ್ನೊಂದು ಕೆಲಸಾನೂ ನಡದಿತ್ತು. ಪ್ರೋಗ್ರಾಮ್ ತಯಾರಾಗೂದರೊಳಗ ಪದ್ಯ ಎಲ್ಲಾ ಟೈಪ್ ಮಾಡಿ ಇಡಬೇಕಲ್ಲ. ಅದೂ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀಬೇಕಂತ ಅದಕ್ಕ. ಪುರಾಣದ ಪುಸ್ತಕ ಮುಂದಿಟ್ಕೊಂಡು ಕಸ್ತೂರಿ ಒಂದು ಸಾಲು ಬಾಯಿ ಮಾಡಿ ಓದಾಕಿ. ಬಾಜೂ ಮುತ್ಯಾ ಕೂಡಾವರು.

"ಅಲ್ಲಿ ಕಡೀಬ್ಯಾಡವಾ, ಮುಂದ ಜೋಡಸು."

"ಹಿಂಗೇನ್ರಿ?"

"ಹಾಂ. ಈಗ ಉಸುರು ತಗೋ. ಈಗ ಹೇಳು."

"ಮಷಿನ್ನಿಗೆ ಉಸುರು ಎಲ್ಲೀದ್ರಿ ಮಾವಾರ?"

"ಅದಕ್ಕಿಲ್ಲ, ಪದ್ಯಕ್ಕ ಅದ. ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿ, ಸರಿ ಅಂದ ಮ್ಯಾಲೆ ಟೈಪ್ ಮಾಡಾಕಿ. ಮುಂಜಾನೆ ಬಸ್ಸಿಗೆ ಹೋಗೂಕಿಂತ ಮೊದಲು ಒಂದಿಷ್ಟು, ಐತವಾರ ದಿನಪೂರ್ತಿ. ಚೈತ್ರ ಹೋತು, ವೈಶಾಖ ಹೋತು, ಮಳಿ ಹತ್ತಿತು, ಹೊಲದಾಗ ತೊಗರಿ ಬಿತ್ತಿದ್ರು. ಮುತ್ಯಾ ಹೊಟ್ಟಿತುಂಬ ಉಣ್ಣಾಕ ಹತ್ತಿದ್ರು. ಓಣ್ಯಾಗ ಹಾದು ಹೋಗಾವರನ್ನ ಕರದು, "ಶ್ರಾವಣದಾಗ ಬರ್ರೆಪಾ, ಮಷಿನ್ ಓದ್ತದ, ನಾ ಹೇಳ್ತೀನಿ" ಅನ್ನಾವರು. ಹಿರೇರೂ ಖುಷಿ ಆದ್ರು. ಎಲ್ಲೂ ಇಲ್ಲದ್ದು ನಮ್ಮ ಊರಾಗ ಅಂತ ಪಡಸಾಲ್ಯಾಗ ಮಷಿನ್ ಇಡಾಕ ಟೇಬಲ್ ಸುದ್ದಾ ನೋಡಿದ್ರು.

ಆಷಾಢ ಮುಗೀಲಿಕ್ಕೆ ಬಂತು. ಶ್ರಾವಣಕ್ಕ ಮನಿ ಸ್ವಚ್ಛ ಮಾಡೂದು ಅಂದ್ರ ಆಗ ಹೆಂಗಸರಿಗೆ ಒಂದು ಯುದ್ಧ. ಹಗೂರ ಅಲ್ಲ ಅದು. ಹಾಸಿಗಿ ಹೊರಗ, ಡಬ್ಬಿ ಹೊರಗ, ನೆಲುವಿನ ಗಡಗಿ ಹೊರಗ. ಹಳೇ ಖಾರಪುಡಿ ಒಂದು ಚಮಚಾ ಉಳದಿದ್ರೂ ಚೆಲ್ಲಿ, ಡಬ್ಬಿ ತೊಳದು ಬಿಸಲಿಗಿಟ್ಟು, ಆಮ್ಯಾಲೆ ಹೊಸಾದು ತುಂಬಬೇಕು. ಹಳೇದರ ಮ್ಯಾಲೆ ಹೊಸಾದು ಸುರುವಿದ್ರ ಎರಡೂ ಹುಳಾ ಬೀಳ್ತಾವ ಅಂತ ಕಸ್ತೂರಿಗೆ ತವರಾಗ ಅವ್ವ ಕಲಿಸಿದ್ದಳು, ಇಲ್ಲಿ ಅತ್ತಿ ಕಲಿಸಿದ್ದಳು. ಆ ದಿನ ನಸಿಕಿನಾಗ ಎದ್ದು ಇಡೀ ಅಡಿಗಿ ಮನಿ ತೊಳದಿದ್ದಳು. ಕೈ ಇನ್ನೂ ಹಸಿ ಇತ್ತು. ಹಂಗೇ ಬಂದು ಮಷಿನ್ ಮುಂದ ಕೂತಳು.

ನೋಡ್ತಾಳ, ಅದರ ಹೊಟ್ಟ್ಯಾಗ ಒಂದೇ ಹೆಸರಿನ ಲೈಬ್ರರಿ ಎರಡು ಅವ. ಒಂದು ಹಳೇದು, ಮೊದಲಿನಿಂದ ಇದ್ದದ್ದು. ಒಂದು ಹೊಸಾದು, ಹೋದ ವಾರ ಹಾಜಿರಾ ಕೊಟ್ಟದ್ದು. ಆಕಿಗೆ ಅನಿಸಿತು, ಹಾಂ, ಇದಕ್ಕೇ ಕೆಡಾಕತ್ತದ! ಹಳೇದರ ಮ್ಯಾಲೆ ಹೊಸಾದು ಸುರುವಿಬಿಟ್ಟೀನಿ. ಡಬ್ಬಿ ತೊಳೀದೇನೇ ತುಂಬೀನಿ.

ಹಳೇದನ್ನ ತಗದು ಹಾಕಿದಳು.

ಮಷಿನ್ ಒಂದು ಮಾತೂ ಅನ್ನಲಿಲ್ಲ, ಸುಮ್ಮಿತ್ತು. ಖುಷಿಲೇ ಮುಂದಿನ ಹುಕುಂ ಕೊಟ್ಟಳು. ಸಿಗವಲ್ದು ಅಂತು. ಬ್ಯಾರೆ ಕೊಟ್ಟಳು. ಅದೂ ಸಿಗವಲ್ದು. ಏನೇನದ ತೋರಸು ಅಂದಳು. ತೋರಸೂದೂ ಬರವಲ್ದು. ಅದರಾಗಿನ ಒಂದೊಂದು ಕೆಲಸಾನೂ ಆ ಹಳೇ ಲೈಬ್ರರಿ ಕೈ ಹಿಡಕೊಂಡೇ ನಿಂತಿತ್ತು. ಆಕಿ ತಗದಿದ್ದು ಹಳೇ ಖಾರಪುಡಿ ಅಲ್ಲ, ಮನಿ ನೆಲಾನೇ ತಗದಿದ್ದಳು. ಬಂದ್ ಮಾಡಿ ಚಾಲೂ ಮಾಡಿದಳು. ಕರಿ ಪರದಿ.

ಅಲ್ಲಿಗೆ ಬಿಟ್ಟು ಹಾಜಿರಾನ್ನ ಕೇಳಿದ್ದರ ಉಳೀತಿತ್ತು. ಗಾಬರಿಗೆ ಬಿದ್ದು ಮೊದಲಿನ ಸೀಡಿ ಹಾಕಿ, ಎಲ್ಲಾ ಹೊಸಾದಾಗಿ ತುಂಬು ಅಂದಳು. ಅದು ನಡುವ ಇಂಗ್ಲಿಷಿನಾಗ ಏನೋ ಕೇಳಿತು. ಹೂಂ ಅಂದಳು. ಚೊಕ್ಕ ಒರಸಿ ಹೊಸಾದಾಗಿ ತುಂಬಿತು. ಅದರ ಸಂಗಾಟ ಚೈತ್ರದಿಂದ ಟೈಪ್ ಮಾಡಿದ್ದ ಪದ್ಯಗಳೂ ಹೋದ್ವು.

ಮರದಿನಾ ಸೆಂಟರ್‌ನಾಗ ಹಾಜಿರಾ ಕೇಳಿ ತಲಿ ಹಿಡ್ಕೊಂಡಳು. "ಅರೆ ಪಗಲಿ, ಅವೆರಡೂ ಕೂಡೇ ಇರಬೇಕಿತ್ತಲ್ಲ! ಕಂಪ್ಯೂಟರ್ ಏನು ಉಪ್ಪಿನಕಾಯಿ ಭರಣಿ ಅನ್ಕೊಂಡಿ ಏನು?" ಅಂದು, ಆಕಿ ಮಾರಿ ನೋಡಿ, ತನ್ನ ಡಬ್ಬ್ಯಾಗಿನ ಖಿಚಡಿ ಅರ್ಧ ಆಕಿಗೆ ಹಾಕಿದಳು. ಇಬ್ಬರೂ ಉಣ್ಣಲಿಲ್ಲ. ಅಮಾಸಿಗೆ ಮೂರು ದಿನ ಉಳದಿತ್ತು. ಇನ್ನೇನು ಮಾಡಿದ್ರೂ ಆಗೂದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಸಂಜಿಮುಂದ ಕಸ್ತೂರಿ ಬಸ್ ಇಳದು ಬಂದಾಗ ಮುತ್ಯಾ ಕಟ್ಟಿ ಮ್ಯಾಲೆ ಇಬ್ಬರು ಹಿರೇರ ಸಂಗಾಟ ಕೂತಿದ್ರು, ಮಷಿನ್ ಎಲ್ಲಿ ಇಡೂದು, ಕರೆಂಟಿನ ವಾಯರ್ ಎಲ್ಲಿಂದ ಎಳಿಯೂದು ಅಂತ. ಆಕಿ ಅವರ ಮುಂದ ಬಾಯಿ ತೆಗೀಲಿಲ್ಲ. ಅವರು ಎದ್ದು ಹೋದ ಮ್ಯಾಲೆ ಮುತ್ಯಾನ ಕಾಲ ಹಂತ್ಯಾಕ ಕೂತಳು.

"ಮಾವಾರ, ಎಲ್ಲಾ ಹೋತು."

"ಏನು ಹೋತು?"

"ಪದ್ಯಾ. ಬರದದ್ದೆಲ್ಲಾ. ನನ್ನ ಕೈಲೇ ಅಳಿಸಿಬಿಟ್ಟೆ. ಮಷಿನ್ ಇನ್ನ ಮಾತಾಡೂದಿಲ್ಲ."

ಮುತ್ಯಾ ಕೈಯಾಗಿನ ಬಡಿಗಿ ಗೋಡಿಗೆ ಆನಿಸಿದ್ರು. ಆಮ್ಯಾಲೆ ಹೊಲದಾಗಿನ ಬೆಳಿ ವಿಚಾರಿಸಿದಂಗ ಕೇಳಿದ್ರು, "ಯಾವ್ಯಾವು ಹೋದ್ವು?"

"ಎಲ್ಲಾರಿ. ಮೊದಲಿನಿಂದ."

"ಮೊದಲನೇದು ಯಾವುದು?"

ಆಕಿ ಅಳ್ಕೋತನೇ ಹೇಳಿದಳು. ಪುಸ್ತಕ ಒಳಗ ಇತ್ತು, ಆಕಿ ಕೈಯಾಗ ಇರಲಿಲ್ಲ. ಎಲ್ಲಿ ಜೋಡಿಸಬೇಕೋ ಅಲ್ಲಿ ಜೋಡಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ನಿಂತ ಕೂಡಲೇ ಮುತ್ಯಾನ ಬಾಯಿ ತಾನೇ ತೆರೀತು. ಅರ್ಥ ಹೇಳಾಕ ಹತ್ತಿದ್ರು. ಹೇಳಿ ಮುಗಿಸಿ, "ಹೂಂ, ಆಮ್ಯಾಲೆ ಯಾವುದು ಹೋತು?" ಅಂದ್ರು. ಎರಡನೇದು ಹೇಳಿದಳು. ಹಿತ್ತಲದಾಗ ಕೈ ತೊಳಿಯಾಕತ್ತಿದ್ದ ದೇವೀಂದ್ರಪ್ಪ ಸಾಬಣ ಕೈಯಾಗ ಹಿಡ್ಕೊಂಡೇ ಬಂದು ಬಾಗಲದಾಗ ನಿಂತ. ಹಾದಿ ಮ್ಯಾಲೆ ಹೋಗಾವರು ಒಬ್ಬೊಬ್ಬರೇ ನಿಂತ್ರು.

ಮಷಿನ್ ಬದಲಿ ಸೊಸೀನೇ ಓದ್ತಾಳಂತ ಅಮಾಸಿ ದಿನ ಹಿರೇರಿಗೆ ತಿಳೀತು. ಹೆಣ್ಮಕ್ಕಳು ಪಡಸಾಲಿ ಕೆಳಗ ಕೂತು ಕೇಳಾವರು, ಮ್ಯಾಲೆ ಕೂಡಾವರಲ್ಲ. ಒಬ್ಬರು ಗಂಟಲು ಸರಿಮಾಡಿಕೊಂಡು, "ದೌಲಪ್ಪಾರ, ನಿಮ್ಮ ಸೊಸಿ ಶಾಣ್ಯಾ ಅದಾಳ, ಇಲ್ಲನ್ನಂಗಿಲ್ಲ. ಆದ್ರ ಪುರಾಣಕ್ಕ ಹೆಣ್ಮಗಳು ಹ್ಯಾಂಗ..." ಅಂದ್ರು.

ಮುತ್ಯಾ ಕೇಳಿದ್ರು, "ಮಷಿನ್ ಕೂಡಸ್ತೀನಿ ಅಂದಾಗ ಯಾರರೆ ಬ್ಯಾಡಂದ್ರೇನು? ಟೇಬಲ್ ತಂದ್ರಿ. ಅದು ಜಳಕಾ ಮಾಡತದೋ ಇಲ್ಲೋ, ಇಬತ್ತಿ ಹಚ್ಚತದೋ ಇಲ್ಲೋ ಯಾರೂ ಕೇಳಲಿಲ್ಲ. ಈಕಿ ದಿನಾ ಮಾಡ್ತಾಳ, ಹಚ್ಚತಾಳ. ಡಬ್ಬಿಗೆ ಇದ್ದ ಜಾಗ ನನ್ನ ಸೊಸಿಗೆ ಇಲ್ಲೇನು?"

ಒಬ್ಬರು ನಕ್ಕರು. ಆಮ್ಯಾಲೆ ಎಲ್ಲಾರೂ ನಕ್ಕರು. ಒಬ್ಬಿಬ್ಬರು ಸಿಟ್ಟಿಗೆದ್ದು ಹೋದ್ರು ಖರೆ. ವಾರದೊಳಗ ಅವರೂ ತಿರುಗಿ ಬಂದು ಕಂಬದ ಹಿಂದ ಕೂತ್ರು.

ಪಾಡ್ಯದ ದಿನ ಹಾಜಿರಾ ಕಲಬುರ್ಗಿಯಿಂದ ಬಂದಿದ್ದಳು. ಹೆಂಗಸರ ನಡುವ ಕೂತು, "ಜೋರಾಗಿ ಓದ, ಹಿಂದ ಕೇಳಸವಲ್ದು!" ಅಂತ ಓದೂಕಿಂತ ಮೊದಲೇ ಒದರಿ ಎಲ್ಲಾರನೂ ನಗಿಸಿದಳು. ಕಸ್ತೂರಿ ಮ್ಯಾಲೆ ಕೂತಳು. ಮೊದಲನೇ ಪದ್ಯ ಓದಿ ನಿಂತಳು.

ಮುತ್ಯಾ ಬಾಯಿ ತೆಗೀಲಿಲ್ಲ.

ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಎಲ್ಲರೆ ತಪ್ಪಿದೆನೇನು ಅಂತ ಕಸ್ತೂರಿ ಮಾರಿ ಸಣ್ಣಾತು. ಮುತ್ಯಾ ತಲಿ ಬಗ್ಗಿಸಿ, ಎರಡೂ ಕೈ ಮಡಲಾಗ ಇಟ್ಕೊಂಡು ಕೂತಿದ್ರು. ಕಾಶಿರಾಯ ಹೋದ ದಿನ ಬರದ ನೀರು ಆ ಕಣ್ಣಾಗ ಅವತ್ತು ಬಂದ್ವು. ಬರ್ಲಿ ಬಿಡು, ನೋಡಾಕ ಬರದಿದ್ರೂ ಅಳಾಕ ಬರತಾವಲ್ಲ ಕಣ್ಣು.

ಆಮ್ಯಾಲೆ ಆಕಿ ಕಡಿಗೆ ಕಿವಿ ತಿರುವಿ, ಎಲ್ಲಾರಿಗೂ ಕೇಳಸಂಗ ಅಂದ್ರು, "ಇನ್ನೊಮ್ಮೆ ಓದವಾ. ತಪ್ಪಿಲ್ಲ. ಸುಮ್ಮ, ಕೇಳಬೇಕಂತ."

ಆಕಿ ಓದಿದಳು.